ಮೊದಲು ಕುದುರೆಗೆ

ಶಿಲೋತ್ಲದ ಶಾಲೆಗೆ ವರ್ಗವಾಗಿ ಬಂದ ಮಾಸ್ತರರು ಮೆಲಿತೋನನನ್ನು ಮೊದಲ ಸಲ ಕಂಡದ್ದು ಕುದುರೆಯ ಸಮೇತವೇ. ಬಸ್ಸಿಳಿದು, ತಗಡಿನ ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಇಗರ್ಜಿಯ ಕಡೆಗಿನ ಏರುದಾರಿಯಲ್ಲಿ ಅವರು ಏದುಸಿರು ಬಿಡುತ್ತ ನಡೆದಿದ್ದರು. ಎದುರಿನಿಂದ ಕೊಳಲು, ಡೋಲುಗಳ ಸದ್ದಿನೊಂದಿಗೆ ಕುಣಿತದ ಮೇಳವೊಂದು ಇಳಿದು ಬಂತು. ಮುಂದೆ ಕುಣಿಯುತ್ತಿದ್ದ ತರುಣನ ಸೊಂಟದ ಸುತ್ತ ಒಂದು ಬಿಳಿಯ ಮರದ ಕುದುರೆ. ಹೊಟ್ಟೆಯ ಮುಂದೆ ಅದರ ತಲೆ, ಬೆನ್ನ ಹಿಂದೆ ನಿಜವಾದ ಕೂದಲಿನ ಬಾಲ, ನಡುವೆ ಒಂದು ಮರದ ಬಳೆ, ಆ ಬಳೆಯೊಳಗೆ ಅವನು. ಕೈಯಲ್ಲಿ ಕತ್ತಿ, ತಲೆಯಲ್ಲಿ ಗರಿಯ ಟೋಪಿ. ಊರನ್ನು ಕಾಯುವ ಸಾಂತಿಯಾಗೊ ಸಂತನ ವೇಷ ಅದು. ಅಂದು ಸಂತನ ಹಬ್ಬ. ಹುಡುಗ ಎಷ್ಟು ಸಣಕಲಾಗಿದ್ದನೆಂದರೆ, ಬಳೆ ಜಾರದಿರಲೆಂದು ತಾಯಿಯ ಶಾಲನ್ನು ನಡುವಿಗೆ ಸುತ್ತಿ ಸುತ್ತಿ ತುರುಕಿಕೊಂಡಿದ್ದ.

ಬೆವರು ಸುರಿಸುತ್ತಿದ್ದ ಅವನನ್ನು ಕಂಡು ಕನಿಕರಪಟ್ಟ ಮಾಸ್ತರರು ತಮ್ಮ ನೀರಿನ ಬಾಟಲಿಯನ್ನು ಮುಂದೆ ಚಾಚಿದರು. ಹುಡುಗ ಗಕ್ಕನೆ ನಿಂತು ಕತ್ತಿಯನ್ನು ಅಡ್ಡ ಹಿಡಿದ.

"ನನಗಲ್ಲ ಮಾಸ್ತರೇ! ಮೊದಲು ಕುದುರೆಗೆ!"

ಮಾಸ್ತರರು ತಬ್ಬಿಬ್ಬಾಗಿ ಅಂಗೈಯಲ್ಲಿ ನೀರು ಹಿಡಿದು ಮರದ ಮೂತಿಗೆ ತಾಗಿಸಿದರು. ಸುತ್ತಲಿದ್ದವರು ಕೇಕೆ ಹಾಕಿದರು. ಉಳಿದ ನೀರನ್ನು ಹುಡುಗ ಗಟಗಟನೆ ಕುಡಿದ. "ಈಗ ನೀವು ನಮ್ಮೂರಿನವರಾದ್ರಿ, ಹೋಗಿ," ಎಂದು ದಾರಿ ಬಿಟ್ಟ.

ಆ ಕುದುರೆಯನ್ನು ಶಿಲೋತ್ಲದಲ್ಲಿ ಯಾರೂ ಮರ ಎನ್ನುವುದಿಲ್ಲ. ಹಬ್ಬ ಮುಗಿದ ಮೇಲೆ ಅದು ಸವಾರನ ಮನೆಯಲ್ಲಿ, ದೇವರ ಮಾಡದ ಮುಂದೆ, ಇಡೀ ವರ್ಷ ಇರುತ್ತದೆ. ಬೆಳಿಗ್ಗೆ ಅದರ ಮುಂದೆ ಒಂದು ಬಟ್ಟಲು ಮೆಕ್ಕೆಜೋಳ, ಒಂದು ಬಟ್ಟಲು ನೀರು ಇಡಬೇಕು. ಹಬ್ಬದ ದಿನ ಯಾರು ಬೇಕಾದರೂ ಉಣಿಸಬಹುದು; ಉಳಿದ ದಿನ ಸವಾರನೇ ಇಡಬೇಕು, ಬೇರೆ ಕೈ ತಾಗಕೂಡದು. ಕುದುರೆ ಉಂಡ ಮೇಲೆ ಅವನು ಉಣ್ಣಬೇಕು. ಮೆಲಿತೋನನ ಅಪ್ಪ ಸಾಯುವ ತನಕ ಹಾಗೆ ಮಾಡಿದ್ದ, ಅಪ್ಪನ ನಂತರ ಮೆಲಿತೋನ ಮಾಡಿದ.

ವರ್ಷಗಳು ಉರುಳಿದವು. ಮೆಲಿತೋನ ಹಸಿಂತಾಳನ್ನು ಮದುವೆಯಾದ, ಹೊಲದ ಗುದ್ದಲಿಯನ್ನು ಕೂಲಿಯವರ ಕೈಗೆ ಕೊಟ್ಟು ಬಾಡಿಗೆ ವ್ಯಾನು ಹಿಡಿದ. ಅಪ್ಪ ಜೋಳದ ಮೂಟೆ ಹೊತ್ತು ಹತ್ತುತ್ತಿದ್ದ ಬೆಟ್ಟವನ್ನು ಮಗ ಕುಳಿತಲ್ಲೇ ಕುಳಿತು ಹತ್ತತೊಡಗಿದ. ನಿಲ್ದಾಣ ನಿಲ್ದಾಣದಲ್ಲೂ ಅಂಗಡಿಯವರು, "ಬಿಸಿಲಲ್ಲವಾ, ತಗೋ ಮೆಲಿತೋನ್," ಎಂದು ಕಿಟಕಿಯಿಂದ ತಣ್ಣನೆಯ ಸಿಹಿ ಸೋಡಾ ಬಾಟಲಿ ತೂರುತ್ತಿದ್ದರು. ಜೊತೆಗೊಂದು ಸಕ್ಕರೆ ಬನ್ನು, ಇಲ್ಲವೇ ಹಂದಿ ಕೊಬ್ಬಿನಲ್ಲಿ ಕರಿದ ಚರ್ಮದ ಚಕ್ಕೆ. ಸಾಲದ್ದಕ್ಕೆ, ಕುದುರೆಯಿದ್ದವನನ್ನು ಊರಿನ ಪ್ರತಿ ಮದುವೆಗೂ ನಾಮಕರಣಕ್ಕೂ ಕರೆದು ಪಂಕ್ತಿಯ ತಲೆಯಲ್ಲಿ ಕೂರಿಸುವುದು ಅಲ್ಲಿಯ ಪದ್ಧತಿ. ಬಡಿಸಿದ್ದನ್ನು ಬೇಡವೆಂದರೆ ಸಂತನನ್ನೇ ಬೇಡವೆಂದಂತೆ. ತಾಯಿಯ ಶಾಲು ಮೊದಲು ಒಂದು ಸುತ್ತು ಕಡಿಮೆಯಾಯಿತು, ಆಮೇಲೆ ಪೆಟ್ಟಿಗೆ ಸೇರಿತು. ಕೊನೆಕೊನೆಗೆ ಮೆಲಿತೋನ ಹಬ್ಬಕ್ಕೆ ಮುಂಚೆ ಬಾಗಿಲು ಹಾಕಿಕೊಂಡು, ಉಪ್ಪುಕಾಗದದಿಂದ ಬಳೆಯ ಒಳಮೈಯನ್ನು ತಾನೇ ಉಜ್ಜತೊಡಗಿದ. ಹೆಬ್ಬೆರಳ ದಪ್ಪವಿದ್ದ ಬಳೆ ಕಿರುಬೆರಳಿನಷ್ಟಾಯಿತು.

ನಲವತ್ತೆಂಟು ತುಂಬಿದ ವರ್ಷದ ಹಬ್ಬದಲ್ಲಿ, ಇಗರ್ಜಿಯ ಅಂಗಳದಲ್ಲಿ, ಶತ್ರು ರಾಜನ ವೇಷದವನ ಮೇಲೆ ಕತ್ತಿ ಬೀಸುತ್ತ ತಿರುಗಿದಾಗ ಆ ಬಳೆ ಚಟ್ಟೆಂದು ಸೀಳಿತು. ಕುದುರೆಯ ತಲೆ ಒಂದು ಕಡೆ, ಬಾಲ ಒಂದು ಕಡೆ. ಮೆಲಿತೋನ ಕಣ್ಣು ಕತ್ತಲಿಟ್ಟು ಅಲ್ಲೇ ಕುಸಿದು ಕುಳಿತ. ಶತ್ರು ರಾಜನೇ ಮುಖವಾಡ ಕಿತ್ತೆಸೆದು ಅವನನ್ನು ತಬ್ಬಿ ಹಿಡಿದ. ಅವನು ಸಾಬಾಸ್, ಗೋಡೆ ಕಟ್ಟುವ ಮೇಸ್ತ್ರಿ, ಬಾಲ್ಯದ ಗೆಳೆಯ. ಮೆಲಿತೋನನ ಮಗಳಿಗೆ ಜ್ಞಾನಸ್ನಾನವಾದ ದಿನ ಮಗುವನ್ನು ಕೈಯಲ್ಲಿ ಹಿಡಿದು ನಿಂತವನು ಅವನೇ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಂಪಾದ್ರೆ ಎಂದು, ಒಬ್ಬರ ಹೆಂಡತಿಯನ್ನೊಬ್ಬರು ಕೊಮಾದ್ರೆ ಎಂದು ಕರೆಯುತ್ತಿದ್ದರು, ಮರ್ಯಾದೆಗೆ ಬಹುವಚನ ಹಚ್ಚುತ್ತಿದ್ದರು. ಬೈಗುಳವಾದರೂ ಬಹುವಚನದಲ್ಲೇ.

ಓದು ಮುಗಿಸಿ ಒಂದು ವರ್ಷದ ಕಡ್ಡಾಯ ಸೇವೆಗೆಂದು ಆರೋಗ್ಯ ಕೇಂದ್ರಕ್ಕೆ ಬಂದಿದ್ದ ಎಳೆಯ ಡಾಕ್ಟರಮ್ಮನ ಹೆಸರು ಇತ್ಸೆಲ್. ರಕ್ತ ಪರೀಕ್ಷೆಯ ಫಲ ಬಂದ ದಿನ ಆಕೆ ಮೆಲಿತೋನನ ಹೊಟ್ಟೆಗೆ ಟೇಪು ಸುತ್ತಿ ನಿಟ್ಟುಸಿರಿಟ್ಟು, ಹಿರಿಯರಿಗೆ ಹಚ್ಚುವ ದೋನ್ ಹಚ್ಚಿ ಮಾತಾಡಿಸಿದಳು.

"ದೋನ್ ಮೆಲಿತೋನ್, ರಕ್ತದ ಒತ್ತಡ ಜಾಸ್ತಿ ಇದೆ. ಸಕ್ಕರೆ ಗಡಿ ದಾಟೋಕೆ ಕಾಯ್ತಾ ಕೂತಿದೆ. ರಕ್ತದಲ್ಲಿ ಕೆಟ್ಟ ಕೊಬ್ಬು ಏರಿದೆ, ಒಳ್ಳೇದು ಇಳಿದಿದೆ. ಅದರ ಮೇಲೆ ಈ ಸೊಂಟ."

"ಅಂದ್ರೆ ಎಷ್ಟು ಕಾಯಿಲೆ ಅಮ್ಮಾ?"

"ಒಂದೊಂದಾಗಿ ಬಂದಿದ್ರೆ ನೆಂಟ್ರು ಅಂತ ಕೂರಿಸಿ ಕಳಿಸಬಹುದಿತ್ತು. ಎಲ್ಲಾ ಒಟ್ಟಿಗೆ ದಿಬ್ಬಣ ಬಂದಂಗೆ ಬಂದಿದಾವೆ. ಈ ದಿಬ್ಬಣಕ್ಕೆ ನಾವು ಮೆಟಬಾಲಿಕ್ ಸಿಂಡ್ರೋಮ್ ಅಂತೀವಿ. ಈಗಲೇ ತಡೀದಿದ್ರೆ ನೇರ ಹೃದಯದ ಬಾಗಿಲಿಗೆ ಹೋಗುತ್ತೆ."

"ಔಷಧಿ ಕೊಡಿ ಮತ್ತೆ."

"ಒತ್ತಡಕ್ಕೆ ಒಂದು ಮಾತ್ರೆ ಕೊಡ್ತೀನಿ, ಬಿಡಬಾರದು. ಉಳಿದ ಔಷಧಿ ನಿಮ್ಮ ಹತ್ರಾನೇ ಇದೆ. ದಿನಾ ಬೆಳಿಗ್ಗೆ ನಡೀರಿ. ಸೋಡಾ ಬಿಡಿ. ಕರಿದಿದ್ದು, ಬನ್ನು ಕಡಿಮೆ ಮಾಡಿ. ಬೀನ್ಸು, ಸೊಪ್ಪು, ಪಾಪಾಸುಕಳ್ಳಿ ಎಲೆ ಜಾಸ್ತಿ ಮಾಡಿ. ಹೊತ್ತಿಗೆ ಸರಿಯಾಗಿ ಮಲಗಿ. ನಿಧಾನವಾಗಿ ಇಳೀಲಿ, ಅವಸರ ಬೇಡ."

ಮೆಲಿತೋನ ತಲೆಯಾಡಿಸಿದ. ಮನಸ್ಸಿನಲ್ಲಿ, ಹಸಿರು ಮೇಯುವುದಕ್ಕೆ ನಾನೇನು ಕುದುರೆಯೇ ಎಂದುಕೊಂಡ. ಹೊರಗೆ ಬಂದವನೇ ಎದುರಂಗಡಿಯಲ್ಲಿ ಒಂದು ಸೋಡಾ ಕುಡಿದ, ಕೆಟ್ಟ ಸುದ್ದಿ ಕೇಳಿ ಬಾಯಿ ಒಣಗಿತ್ತೆಂದು.

ನಿಜವಾದ ಕೆಟ್ಟ ಸುದ್ದಿ ಬಂದದ್ದು ಮುಂದಿನ ಭಾನುವಾರ. ಕುಣಿತದ ಗುರು ದೋನ್ ಕ್ರಿಸ್ಪಿನ್, ಒಂದೇ ಉಸಿರಿಗೆ ಕೊಳಲನ್ನೂ ಡೋಲನ್ನೂ ನುಡಿಸುವ ಮುದುಕ, ಬಳೆಗೆ ಹೊಸ ಮರ ಹಾಕಿಸಿ ಕುದುರೆಯನ್ನು ತಂದು ಇಗರ್ಜಿಯ ಮೆಟ್ಟಿಲ ಮೇಲೆ ಇಟ್ಟ. ಮೆಲಿತೋನ ಕೈ ಚಾಚಿದ. ಮುದುಕ ಕುದುರೆಯನ್ನು ಎತ್ತಿ ಸಾಬಾಸನ ಕೈಗೆ ಕೊಟ್ಟ.

"ಕುದುರೆಗೆ ಸವಾರ ಬೇಕು ಕಣಪ್ಪ, ಮೂಟೆ ಅಲ್ಲ," ಎಂದ.

ಸಾಬಾಸ್ ನೆಲ ನೋಡಿದ. "ಒಂದು ವರ್ಷದ ಮಾತು ಕೊಂಪಾದ್ರೆ. ನಿಮ್ಮ ಹೊಟ್ಟೆ ಇಳಿದ ಮೇಲೆ ನೋಡೋಣ."

ಆ ಮಾತಿನಲ್ಲಿ ಕಪಟವಿರಲಿಲ್ಲ. ಆದರೆ ಕೇಳಿದ ಕಿವಿಯಲ್ಲಿ ಕಪಟ ತುಂಬಿತ್ತು. ಮೆಲಿತೋನ ಮನೆಗೆ ಬಂದು ದೇವರ ಮಾಡದ ಮುಂದಿನ ಖಾಲಿ ಜಾಗ ನೋಡಿದ. ಜೋಳದ ಬಟ್ಟಲು, ನೀರಿನ ಬಟ್ಟಲು ಇದ್ದಲ್ಲೇ ಇದ್ದವು. ಎದೆಯಿಂದ ಏನೋ ಹೊತ್ತಿ ಉರಿದು ಗಂಟಲಿಗೆ ಬಂತು. ಅದು ಎದೆಯುರಿ ಎಂದು ಹಸಿಂತಾ ಸೋಡಾಪುಡಿ ಕಲಸಿ ಕೊಟ್ಟಳು. ಅದು ಸೋಡಾಪುಡಿಗೆ ಇಳಿಯುವ ಉರಿಯಲ್ಲ.

ಹಾಗೆ ಶುರುವಾಯಿತು. ಸಾಬಾಸನ ಮನೆ ಬೀದಿಯ ಕೆಳತುದಿಯಲ್ಲಿ. ವ್ಯಾನು ಹತ್ತಿದ ಹೆಂಗಸರೆಲ್ಲರ ಬಾಯಲ್ಲಿ ಅವನದೇ ಮಾತು. "ಸಾಬಾಸ್ ಕುದುರೆಗೆ ಹೊಸ ಬಣ್ಣ ಹಚ್ಚಿದಾನಂತೆ." "ಬಾಲಕ್ಕೆ ಎಣ್ಣೆ ಹಾಕಿ ಬಾಚ್ತಾನಂತೆ, ಹೆಂಡ್ತಿ ತಲೆ ಬಾಚೋ ಹಂಗೆ." ಮೆಲಿತೋನ ಗೇರು ಬದಲಿಸಿದರೆ ಹಲ್ಲು ಕಡಿದ ಸದ್ದು ಬರುತ್ತಿತ್ತು. ಒಂದು ಮಧ್ಯಾಹ್ನ ಹಸಿಂತಾಳೇ, "ಅಂಗಳದಲ್ಲಿ ಬಿಸಿಲಿಗೆ ಇಟ್ಟಿದಾನೆ ಮೆಲಿತೋನ್, ಎಷ್ಟು ಬೆಳ್ಳಗೆ ಹೊಳೀತಾ ಇದೆ ಅಂತೀಯಾ," ಎಂದಾಗ ಅವನು ತಟ್ಟೆ ಬಿಟ್ಟು ಎದ್ದ. ಆಕೆ ಬೆರಗಾಗಿ ನೋಡಿದಳು. ಗಂಡ ಊಟ ಅರ್ಧಕ್ಕೆ ಬಿಟ್ಟದ್ದನ್ನು ಅವಳು ಕಂಡದ್ದೇ ಇಲ್ಲ.

ಮುಂದಿನ ಹಬ್ಬಕ್ಕೆ ಆ ಬಳೆಯೊಳಗೆ ಇಳಿಯಲೇಬೇಕು ಎಂದು ಮೆಲಿತೋನ ಹಟ ತೊಟ್ಟ. ಡಾಕ್ಟರಮ್ಮ ಹೇಳಿದ ದಾರಿ ಉದ್ದವೆಂದು ಅಡ್ಡದಾರಿ ಹುಡುಕಿದ. ಹಸಿಂತಾ ಹೆರಿಗೆಯಾದಾಗ ಕಟ್ಟಿಕೊಂಡಿದ್ದ ರಬ್ಬರಿನ ನಡುಕಟ್ಟನ್ನು ಪೆಟ್ಟಿಗೆಯಿಂದ ತೆಗೆದು ಅಂಗಿಯ ಒಳಗೆ ಬಿಗಿದುಕೊಂಡ. ಕೊಂಡಿಗಳು ನರಳಿದವು. ವ್ಯಾನಿನಲ್ಲಿ ಉಸಿರಾಡಲಾಗದೆ ಅಂಗಿಯ ಗುಂಡಿ ಸಡಿಲಿಸಿದ್ದೇ ತಡ, ಹಿಂದಿನ ಸೀಟಿನಿಂದ ಟೊಮೇಟೊ ಮಾರುವ ಮುದುಕಿ ಕತ್ತು ಚಾಚಿ ನೋಡಿದಳು.

"ಏನಪ್ಪಾ ಮೆಲಿತೋನ್, ಹೆರಿಗೆ ಯಾವಾಗ ಆಯ್ತು? ಗಂಡೋ ಹೆಣ್ಣೋ?"

ವ್ಯಾನು ತುಂಬ ನಗು. ಬಾಣಂತಿ ಎಂಬ ಹೆಸರು ಆ ವರ್ಷವೆಲ್ಲ ಅವನ ಬೆನ್ನು ಬಿಡಲಿಲ್ಲ.

ಆಮೇಲೆ ಊಟವನ್ನೇ ಬಿಟ್ಟ. ನಿಂಬೆರಸ, ಯಾವುದೋ ಕಹಿಬೇರಿನ ಕಷಾಯ, ಅಷ್ಟೇ. ಮೂರನೆಯ ದಿನ ತಿರುವಿನಲ್ಲಿ ರಸ್ತೆ ಅವನ ಕಣ್ಣ ಮುಂದೆ ಎರಡಾಯಿತು. ಹೇಗೋ ಬದಿಗೆ ನಿಲ್ಲಿಸಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟ. ಆರೋಗ್ಯ ಕೇಂದ್ರದಲ್ಲಿ ಡಾಕ್ಟರಮ್ಮ ಸಿಟ್ಟಿನಿಂದ ಟೇಪನ್ನು ಮೇಜಿನ ಮೇಲೆ ಎಸೆದಳು.

"ಉಪವಾಸ ಮಾಡಿ ಅಂತ ಯಾರು ಹೇಳಿದ್ರು? ಹತ್ತು ಜನರನ್ನ ಕಣಿವೆಗೆ ಇಳಿಸ್ತಿದ್ರಲ್ಲ! ನಡೆಯೋಕೆ ಹೇಳಿದ್ದೆ. ಒಂದು ದಿನ ಆದ್ರೂ ನಡೆದ್ರಾ?"

"ಕಾಲು ನೋಯ್ತವೆ ಅಮ್ಮಾ."

"ಹೊಟ್ಟೆಕಿಚ್ಚು ಪಡೋಕೆ ನೋವಾಗಲ್ವಾ?" ಎಂದಳು ಆಕೆ. ಊರಿನ ಸುದ್ದಿ ಆರೋಗ್ಯ ಕೇಂದ್ರವನ್ನು ಎಲ್ಲರಿಗಿಂತ ಮೊದಲು ಮುಟ್ಟುತ್ತದೆ.

ಮೆಲಿತೋನ ನಡೆಯತೊಡಗಿದ್ದು ಡಾಕ್ಟರಮ್ಮನ ಮಾತಿನಿಂದಲ್ಲ. ಬೆಟ್ಟದ ಮೇಲಿನ ಶಿಲುಬೆಗೆ ಹೋಗುವ ಕಾಲುದಾರಿಯ ಮೇಲ್ತಿರುವಿನಲ್ಲಿ ನಿಂತರೆ ಸಾಬಾಸನ ಅಂಗಳವೂ ಅಂಗಳದಂಚಿನ ತೆರೆದ ಜಗಲಿಯ ದೇವರ ಮಾಡವೂ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತವೆಂದು ಅವನಿಗೆ ಒಂದು ಬೆಳಿಗ್ಗೆ ಹೊಳೆಯಿತು. ಸಾಬಾಸ್ ಕುದುರೆಗೆ ಹೊತ್ತಿಗೆ ಸರಿಯಾಗಿ ಜೋಳ ಇಡುತ್ತಾನೋ ಇಲ್ಲವೋ? ಒಂದು ದಿನ ಮರೆತದ್ದನ್ನು ಕಣ್ಣಾರೆ ಕಂಡರೆ ಸಾಕು, ದೋನ್ ಕ್ರಿಸ್ಪಿನನ ಮುಂದೆ ದೂರು ಇಡಬಹುದು. ಅಂದಿನಿಂದ ವ್ಯಾನು ತೆಗೆಯುವ ಮೊದಲು ಬೆಳಕು ಹರಿಯುತ್ತಲೇ ಬೆಟ್ಟ ಹತ್ತಿದ. ಮೊದಮೊದಲು ಅರ್ಧ ದಾರಿಗೆ ಕುಳಿತು ಬಾಯಿಂದ ಉಸಿರು ಬಿಟ್ಟ. ಕುಳಿತಲ್ಲಿಂದ ಅಂಗಳ ಕಾಣುವುದಿಲ್ಲವಲ್ಲ ಎಂದು ಮತ್ತೆ ಎದ್ದ. ಡಾಕ್ಟರಮ್ಮ ಸಾವಿನ ಹೆದರಿಕೆ ಹಾಕಿ ಅಲುಗಾಡಿಸಲಾಗದ ಕಾಲುಗಳನ್ನು ಹೊಟ್ಟೆಕಿಚ್ಚು ಅನಾಯಾಸವಾಗಿ ಎಬ್ಬಿಸಿತು. ಮಳೆಯ ದಿನ ಪ್ಲಾಸ್ಟಿಕ್ ಹೊದ್ದು ಹೋದ. ಮಂಜು ಕವಿದ ದಿನ ಏನೂ ಕಾಣದೆ ಸಂಕಟಪಟ್ಟು, ಮಂಜು ಕರಗುವ ತನಕ ಶಿಲುಬೆಯವರೆಗೆ ಹತ್ತಿ ಇಳಿದ.

ಸಾಬಾಸ್ ಒಂದು ದಿನವೂ ಮರೆಯಲಿಲ್ಲ. ಅದೇ ಮೆಲಿತೋನನಿಗೆ ಸಹಿಸಲಾಗದ ಸಂಗತಿ.

ಒಂದು ದಿನ ದೋನ್ ಕ್ರಿಸ್ಪಿನ್ ವ್ಯಾನು ಹತ್ತಿ ಮುಂದಿನ ಸೀಟಿನಲ್ಲಿ ಕುಳಿತ. ಮೆಲಿತೋನ ಅಭ್ಯಾಸಬಲದಿಂದ ಸೋಡಾ ಬಾಟಲಿಯ ಮುಚ್ಚಳ ತೆಗೆದ. ಮುದುಕ ಅದನ್ನೇ ದಿಟ್ಟಿಸಿದ.

"ಅಲ್ಲಯ್ಯಾ, ಇಷ್ಟು ವರ್ಷ ಕುದುರೆಗೆ ಏನು ಕುಡಿಸ್ದೆ?"

"ನೀರು ದೋನ್ ಕ್ರಿಸ್ಪಿನ್. ಶುದ್ಧ ಬಾವಿ ನೀರು."

"ಸವಾರ ಏನು ಕುಡಿದ?"

ಮೆಲಿತೋನ ಬಾಟಲಿಗೆ ಮತ್ತೆ ಮುಚ್ಚಳ ಹಾಕಿದ.

"ನಿಮ್ಮಪ್ಪ ಕುದುರೆ ಉಂಡಿದ್ದನ್ನೇ ಉಂಡ, ಕುಡಿದಿದ್ದನ್ನೇ ಕುಡಿದ. ಅದಕ್ಕೇ ಕಡೇತನಕ ಬಳೆಯೊಳಗಿದ್ದ. ಕುದುರೆ ಈಗಲೂ ಹಾಗೇ ಇದೆ ನೋಡು, ಒಂದು ನೂಲೂ ದಪ್ಪ ಆಗಿಲ್ಲ," ಎಂದು ಮುದುಕ ಕಿಟಕಿಯ ಕಡೆ ತಿರುಗಿದ.

ಅಂದು ಸಂಜೆ ಮೆಲಿತೋನ ಮಣ್ಣಿನ ಹೂಜಿಯೊಂದನ್ನು ತಂದು ಸೀಟಿನ ಪಕ್ಕ ಹಗ್ಗದಿಂದ ಕಟ್ಟಿದ. ಅಂಗಡಿಯವರು ಬಾಟಲಿ ಚಾಚಿದರೆ ಹೂಜಿ ತೋರಿಸಿದ. ಕೆಲವು ದಿನ ತಲೆ ಸಿಡಿದು, ಕಂಡಕಂಡವರ ಮೇಲೆ ರೇಗಿದ. ಆಮೇಲೆ ಅದೂ ನಿಂತಿತು. ಹಸಿಂತಾ ಸುಮ್ಮನೆ ನೋಡುತ್ತಿದ್ದವಳು ತಾನೂ ಕೈ ಹಾಕಿದಳು. ಕೊಬ್ಬಿನ ಡಬ್ಬ ಮೇಲಿನ ಅಟ್ಟಕ್ಕೆ ಹೋಯಿತು. ಬೇಯಿಸಿದ ಬೀನ್ಸು, ಮುಳ್ಳು ಹೆರೆದು ಸುಟ್ಟ ಕಳ್ಳಿ ಎಲೆ, ಹೊಲದ ಸೊಪ್ಪು, ಕಲ್ಲಲ್ಲಿ ಅರೆದ ಹಸಿಮೆಣಸು ತಟ್ಟೆ ತುಂಬಿದವು. ರೊಟ್ಟಿಯ ಗೋಪುರ ಸಣ್ಣದಾಯಿತು. ಗಂಡ ಮತ್ತೊಂದು ರೊಟ್ಟಿಗೆ ಕೈ ಚಾಚಿದರೆ ಅವಳು ಬೈಯುತ್ತಿರಲಿಲ್ಲ. "ಸಾಬಾಸ್ ಇವತ್ತು ಬಾಲಕ್ಕೆ ರಿಬ್ಬನ್ ಕಟ್ಟಿದ," ಎನ್ನುತ್ತಿದ್ದಳು. ಕೈ ಹಿಂದೆ ಹೋಗುತ್ತಿತ್ತು. ಅವಳು ಜಾಣೆ.

ಬೆಲ್ಟಿಗೆ ಹೊಸ ತೂತು ಬಿತ್ತು. ರಕ್ತದ ಒತ್ತಡ ತಗ್ಗಿತು. ಆದರೆ ಒಳಗಿನ ಉರಿ ತಗ್ಗಲಿಲ್ಲ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಅವನು ಒಂದು ಕೆಲಸ ಮಾಡಿದ. ಶಿಲೋತ್ಲದಲ್ಲಿ ಬುದ್ಧಿಯಿದ್ದ ಯಾರೂ ಮಾಡದ ಕೆಲಸ ಅದು. ಸಾಬಾಸ್ ಗೋಡೆ ಕಟ್ಟಲು ಹೋಗಿದ್ದ, ಅವನ ಹೆಂಡತಿ ತೊಮಾಸಾ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಮೆಲಿತೋನ ಅಂಗಳದ ಮೋಟು ಗೋಡೆ ದಾಟಿ ಒಳಹೊಕ್ಕು, ಜೇಬಿನಿಂದ ತನ್ನ ಹೊಲದ ಜೋಳದ ಹಿಡಿಯೊಂದನ್ನು ಕುದುರೆಯ ಬಟ್ಟಲಿಗೆ ಸುರಿದ.

"ನನ್ನ ಮರೀಬೇಡ ಕಣೋ," ಎಂದು ಅದರ ಕಿವಿಯಲ್ಲಿ ಹೇಳಿದ.

ಎರಡು ಕೈ ಉಣಿಸಿದ ಕುದುರೆ ಸವಾರನನ್ನು ಕೆಡವುತ್ತದೆಂದು ಅವನಿಗೆ ಗೊತ್ತಿತ್ತು. ಕೆಡವಿದರೆ ಸಾಬಾಸನನ್ನು ತಾನೇ ಎಂದುಕೊಂಡ. ಹಾಗೆಂದುಕೊಂಡದ್ದಕ್ಕೆ ಸಂಜೆ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದ. ಮರುವಾರ ಮತ್ತೆ ಗೋಡೆ ದಾಟಿದ. ಆಶ್ಚರ್ಯವೆಂದರೆ, ಈಗ ಗೋಡೆ ದಾಟುವಾಗ ಹೊಟ್ಟೆ ತಾಗುತ್ತಿರಲಿಲ್ಲ.

ಆ ದಿನಗಳಲ್ಲೇ ಬೆಟ್ಟದ ತಿರುವಿನಿಂದ ಅವನಿಗೆ ಹೊಸದೊಂದು ಕಂಡಿತು. ಬಾಲ ಬಾಚಲು ಬಗ್ಗಿದ ಸಾಬಾಸ್ ಮೊಣಕಾಲಿಗೆ ಕೈಯೂರಿ ಎದ್ದ. ಎದ್ದವನ ಅಂಗಿಯ ಮುಂದೆ ಒಂದು ಉಬ್ಬು. ಮೆಲಿತೋನ ಕಣ್ಣುಜ್ಜಿ ನೋಡಿದ. ಹೊಟ್ಟೆ! ಬಿದಿರುಕೋಲಿನಂಥ ಸಾಬಾಸನಿಗೆ ಹೊಟ್ಟೆ! ಕುದುರೆ ಮನೆಗೆ ಬಂದದ್ದೇ ತಡ, ಅವನನ್ನೂ ಮದುವೆ ಮದುವೆಗೆ ಕರೆದು ಪಂಕ್ತಿಯ ತಲೆಯಲ್ಲಿ ಕೂರಿಸಿ ಬಡಿಸಿದ್ದರು. ಮೆಲಿತೋನ ಅಂದು ಬೆಟ್ಟವನ್ನು ಶಿಳ್ಳೆ ಹಾಕುತ್ತ ಇಳಿದ.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಟೇಪು ಸುತ್ತಿಸಿಕೊಳ್ಳಲು ಆರೋಗ್ಯ ಕೇಂದ್ರಕ್ಕೆ ಹೋದರೆ ಬೆಂಚಿನ ತುದಿಯಲ್ಲಿ ಹ್ಯಾಟಿನಿಂದ ಮುಖ ಮುಚ್ಚಿಕೊಂಡು ಸಾಬಾಸ್ ಕುಳಿತಿದ್ದ. ಅವನನ್ನು ಒಳಗೆ ಕರೆದರು. ತಡಿಕೆಯ ಆಚೆಯಿಂದ ಡಾಕ್ಟರಮ್ಮನ ದನಿ ಕೇಳಿಸಿತು: "ಒಂದೊಂದಾಗಿ ಬಂದಿದ್ರೆ ನೆಂಟ್ರು ಅಂತ ಕೂರಿಸಿ ಕಳಿಸಬಹುದಿತ್ತು, ದೋನ್ ಸಾಬಾಸ್..."

ಮೆಲಿತೋನನಿಗೆ ಮೈಯುರಿಯಿತು. ಕುದುರೆ ತೆಗೆದುಕೊಂಡ, ಹೋಗಲಿ. ತನ್ನ ದಿಬ್ಬಣವನ್ನೂ ತೆಗೆದುಕೊಳ್ಳಬೇಕೇ? ಆ ಮಾತನ್ನು ಡಾಕ್ಟರಮ್ಮ ತನಗೆಂದೇ ಹೇಳಿದ್ದಳೆಂದು ಅವನು ನಂಬಿದ್ದ. ಸಾಬಾಸ್ ಹೊರಬಂದ. ಇಬ್ಬರೂ ಒಬ್ಬರ ಹೊಟ್ಟೆಯನ್ನೊಬ್ಬರು ನೋಡಿದರು.

"ಇಳಿದಿದೀರಿ ಕೊಂಪಾದ್ರೆ," ಎಂದ ಸಾಬಾಸ್.

"ಏರಿದೀರಿ ಕೊಂಪಾದ್ರೆ," ಎಂದ ಮೆಲಿತೋನ.

ಹಬ್ಬಕ್ಕೆ ಮುಂಚೆ ದೋನ್ ಕ್ರಿಸ್ಪಿನನ ಅಂಗಳದಲ್ಲಿ ತಾಲೀಮು. ಮೇಳದವರೆಲ್ಲ ಸುತ್ತ ನಿಂತರು. ನೋಡಲು ಬಂದ ಮಾಸ್ತರರು ಗೋಡೆಯ ಮೇಲೆ ಕುಳಿತರು. ಬಳೆಯನ್ನು ಮೊದಲು ಸಾಬಾಸನಿಗೆ ಇಳಿಸಿದರು. ಹೋದ ವರ್ಷವಾಗಿದ್ದರೆ ಶಾಲು ತುರುಕಬೇಕಾಗಿದ್ದ ಜಾಗದಲ್ಲಿ ಈಗ ಬರಿಯ ಸಾಬಾಸನೇ ತುಂಬಿದ್ದ; ಆದರೂ ಇಳಿಯಿತು. ಆಮೇಲೆ ಮೆಲಿತೋನ ಎರಡೂ ಕೈ ಮೇಲೆತ್ತಿ ನಿಂತ. ಎದೆ ದಾಟಿತು. ಹೊಟ್ಟೆಯ ಮೇಲೆ ಒಂದು ಗಳಿಗೆ ನಿಂತಿತು. ಯಾರೋ "ಸವರೋಕೆ ಹಂದಿ ಕೊಬ್ಬು ತರಲಾ ಬಾಣಂತಿಗೆ?" ಎಂದರು. ಅವನು ಉಸಿರು ಬಿಟ್ಟ. ಬಳೆ ಸರಕ್ಕನೆ ಸೊಂಟಕ್ಕೆ ಇಳಿದು ನಿಂತಿತು. ಬೆಟ್ಟ, ಹೂಜಿ, ಕಳ್ಳಿ ಎಲೆ, ಎಲ್ಲ ಅವನ ಕಣ್ಣಲ್ಲಿ ನೀರಾಗಿ ಬಂತು.

"ಇಬ್ಬರಿಗೂ ಆಗುತ್ತೆ. ಹಂಗಾದ್ರೆ ವರ್ಷ ಪೂರ್ತಿ ಉಣಿಸಿದ ಕೈಗೇ ಕುದುರೆ," ಎಂದ ದೋನ್ ಕ್ರಿಸ್ಪಿನ್. "ಸಾಬಾಸ್, ನೀನೊಬ್ಬನೇ ಉಣಿಸಿದ್ದಲ್ವಾ?"

ಸಾಬಾಸ್ ಮೀಸೆ ತಿರುವಿದ. "ನಮ್ಮ ಹೊಲದಲ್ಲಿ ಬಿಳಿ ಜೋಳ ಗುರುಗಳೇ. ಉಪವಾಸದ ದಿನಗಳಿಂದ ಈಚೆಗೆ ಬಟ್ಟಲಲ್ಲಿ ನೀಲಿ ಕಾಳು ಸಿಗ್ತಾ ಇದಾವೆ. ನೀಲಿ ಜೋಳ ಬೆಳೆಯೋದು ಈ ಊರಲ್ಲಿ ಒಬ್ಬರೇ."

ಎಲ್ಲರೂ ಮೆಲಿತೋನನ ಕಡೆ ತಿರುಗಿದರು. ಮೆಲಿತೋನ ಕುದುರೆಯೊಳಗೆ ಸಿಕ್ಕಿಕೊಂಡೇ ನಿಂತಿದ್ದ; ಓಡಿಹೋಗುವಂತೆಯೂ ಇರಲಿಲ್ಲ.

"ಗೊತ್ತಿದ್ದೂ ಯಾಕೆ ಸುಮ್ನಿದ್ರಿ?" ಎಂದ.

"ಮನೆ ಬಿಟ್ಟು ಬಂದ ಕುದುರೆ ಕೊಂಪಾದ್ರೆ. ತವರಿನ ಕಾಳು ತಿಂದ್ಕೊಳ್ಳಲಿ ಅಂತ," ಎಂದ ಸಾಬಾಸ್. ಆಮೇಲೆ ಹೊಟ್ಟೆ ತಟ್ಟಿಕೊಂಡು ಹೇಳಿದ: "ಈ ಸಲ ಇವರೇ ಹೊರಲಿ ಗುರುಗಳೇ. ನನಗೂ ಡಾಕ್ಟರಮ್ಮ ಬೆಟ್ಟ ತೋರಿಸಿದಾರೆ."

ಮೇಳದವರು ಹೋ ಎಂದು ಚಪ್ಪಾಳೆ ತಟ್ಟಿದರು. ಎಲ್ಲರೂ ಸಾಬಾಸನ ಬೆನ್ನು ಚಪ್ಪರಿಸಿದರು, ಎಂಥಾ ಮನುಷ್ಯ ಎಂದರು. ಕುದುರೆ ಸಿಕ್ಕಿದ್ದು ಮೆಲಿತೋನನಿಗೆ, ಚಪ್ಪಾಳೆ ಸಿಕ್ಕಿದ್ದು ಕೊಟ್ಟವನಿಗೆ. ಬಯಸಿದ್ದು ಸೊಂಟದಲ್ಲೇ ಇದ್ದರೂ ಅವನ ಎದೆಯಲ್ಲಿ ಹಳೆಯ ಉರಿ ಮತ್ತೊಮ್ಮೆ ಹೆಡೆಯೆತ್ತಿತು.

ದೋನ್ ಕ್ರಿಸ್ಪಿನ್ ಕೋಲಿನಿಂದ ನೆಲ ಕುಟ್ಟಿದ. "ಕೇಳ್ರಿ! ಎರಡು ಕೈಯಿಂದ ಉಂಡ ಕುದುರೆ ಇನ್ನು ಒಂದು ಮನೇಲಿ ನಿಲ್ಲೋದಿಲ್ಲ. ಈ ವರ್ಷ ಇವನು, ಬರೋ ವರ್ಷ ಅವನು. ಬಳೆಯೊಳಗೆ ಇಳಿಯದೆ ಇದ್ದವನ ಸರದಿ ಹೋಯ್ತು."

ಗೋಡೆ ದಾಟದಿದ್ದರೆ ಕುದುರೆ ಪೂರ್ತಿ ತನಗೇ ಬರುತ್ತಿತ್ತೇನೋ ಎಂದು ಮೆಲಿತೋನ ಬಹಳ ದಿನ ಲೆಕ್ಕ ಹಾಕಿದ. ದಾಟಿದ್ದು ದಾಟಿಯಾಗಿತ್ತು.

ಹಬ್ಬದ ದಿನ ಮೇಳ ಮೊದಲು ಹೋಗಬೇಕಾದದ್ದು ಕುದುರೆ ವರ್ಷವಿಡೀ ಇದ್ದ ಮನೆಗೆ, ಎಂದರೆ ಸಾಬಾಸನ ಮನೆಗೆ. ಮೆಲಿತೋನ ಅಂಗಳದಲ್ಲಿ ಕುಣಿದು ಬೆವರಿ ನಿಂತ. ಎಷ್ಟೋ ವರ್ಷಗಳ ಮೇಲೆ ಕಣ್ಣು ಕತ್ತಲಿಡಲಿಲ್ಲ, ಉಸಿರು ತನ್ನ ಹಿಡಿತದಲ್ಲೇ ಇತ್ತು. ಆಗ ತೊಮಾಸಾ ಒಳಗಿನಿಂದ ದೊಡ್ಡ ತಟ್ಟೆ ಹಿಡಿದು ಬಂದಳು. ಟರ್ಕಿಕೋಳಿಯ ಕಾಲು, ಅದರ ಮೇಲೆ ಎಳ್ಳು ಉದುರಿಸಿದ ಗಟ್ಟಿ ಮಸಾಲೆ ಸಾರು, ಕೊಬ್ಬಿನಲ್ಲಿ ಮಿಂದ ಅನ್ನ, ಪಕ್ಕದಲ್ಲಿ ಬೆವರುತ್ತಿರುವ ಸೋಡಾ ಬಾಟಲಿ.

"ತಗೊಳ್ಳಿ ಕೊಂಪಾದ್ರೆ. ನಿಮಗೆ ಅಂತಲೇ ಎರಡು ದಿನದಿಂದ ಅರೆದಿದೀನಿ. ಬೇಡ ಅಂದ್ರೆ ನನ್ನಾಣೆ."

ಪರಿಮಳ ಮೂಗಿಗೆ ಹೊಡೆದು ಬಾಯಲ್ಲಿ ನೀರೂರಿತು. ಜೊತೆಗೇ ಒಂದು ಗುಮಾನಿ: ಇದು ಸಾಬಾಸನ ಹೂಟವೇ? ಮನೆ ಮನೆಯಲ್ಲೂ ಹೀಗೆ ತಿನ್ನಿಸಿ, ಬರುವ ಹಬ್ಬಗಳಿಗೆ ಬಳೆಯಿಂದ ಹೊರಗಿಡುವ ಹೂಟ? ಓರೆಗಣ್ಣಿಂದ ನೋಡಿದ. ಸಾಬಾಸನಿಗೂ ಒಂದು ತಟ್ಟೆ ಬಂದಿತ್ತು. ಅವನು ಅದನ್ನು ಹಿಡಿದುಕೊಂಡು, ನೇಣಿಗೆ ಹೋಗುವವನಂತೆ, ತನ್ನ ಹೊಟ್ಟೆಯನ್ನೂ ಹೆಂಡತಿಯ ಮುಖವನ್ನೂ ನೋಡುತ್ತಿದ್ದ. ಹೂಟವಲ್ಲ, ಅವನೂ ಅದೇ ಬೋನಿನಲ್ಲಿ ಸಿಕ್ಕಿಬಿದ್ದ ಇಲಿ. ತಿಂದರೆ ಕುದುರೆ ಹೋಗುತ್ತದೆ, ಬಿಟ್ಟರೆ ಮನೆಯೊಡತಿಯ ಮುಖ ಬಾಡುತ್ತದೆ.

ಮೆಲಿತೋನ ಕತ್ತಿಯನ್ನು ಅಡ್ಡ ಹಿಡಿದ. ಹಲವು ವರ್ಷಗಳಿಂದ ಅವನ ಬಾಯಿಂದ ಬಾರದಿದ್ದ ಮಾತು ಹೊರಟಿತು.

"ನನಗಲ್ಲ ಕೊಮಾದ್ರೆ! ಮೊದಲು ಕುದುರೆಗೆ!"

ಜನ ನಕ್ಕರು. ತೊಮಾಸಾ ಒಳಗೆ ಓಡಿ ಬೇಯಿಸಿದ ಜೋಳದ ಬಟ್ಟಲನ್ನೂ ನೀರಿನ ಬಟ್ಟಲನ್ನೂ ತಂದು ಕುದುರೆಯ ಮೂತಿಯ ಮುಂದೆ ಹಿಡಿದಳು. ಕುದುರೆ ಉಣ್ಣಲೆಂದು ಮೆಲಿತೋನ ತುಸು ಹೊತ್ತು ಕಾದ. ಆಮೇಲೆ ಅದೇ ಬಟ್ಟಲಿಗೆ ಕೈ ಹಾಕಿ ಒಂದು ಹಿಡಿ ಜೋಳ ತಿಂದು, ಅದೇ ನೀರು ಕುಡಿದ.

"ಕುದುರೆಯ ಎಂಜಲು ಸಂತನ ಪ್ರಸಾದ. ಇದರ ಮೇಲೆ ಇನ್ನೇನನ್ನೂ ಉಣ್ಣಬಾರದು ಅಂತ ನಮ್ಮಪ್ಪ ಹೇಳ್ತಿದ್ದ. ಈ ತಟ್ಟೆ ಕೊಳಲೂದಿ ದಣಿದವರಿಗೆ ಕೊಡಿ."

ಅವನಪ್ಪ ಹಾಗೆ ಹೇಳಿದ್ದನೋ ಇಲ್ಲವೋ, ಕೇಳಲು ಅಪ್ಪ ಇರಲಿಲ್ಲ. ತಟ್ಟೆ ತನ್ನ ಕಡೆ ಬರುವುದನ್ನು ಕಂಡ ದೋನ್ ಕ್ರಿಸ್ಪಿನ್, "ಹೌದು, ಹಾಗೇ ಹೇಳ್ತಿದ್ದ," ಎಂದು ಸಾಕ್ಷಿ ನುಡಿದ. ಪ್ರಸಾದವೆಂದ ಮೇಲೆ ತೊಮಾಸಾಳ ಮುಖ ಬಾಡುವ ಮಾತೆಲ್ಲಿ? ಬಟ್ಟಲನ್ನು ಕಣ್ಣಿಗೊತ್ತಿಕೊಂಡಳು. ಸಾಬಾಸ್ ತಟ್ಟೆಯನ್ನು ಮೆಲ್ಲನೆ ಕೆಳಗಿಟ್ಟು, ಸರಸರನೆ ಬಂದು ಬಟ್ಟಲಿಗೆ ಕೈ ಹಾಕಿದ.

"ನನಗೂ ಒಂದು ಹಿಡಿ ಪ್ರಸಾದ, ಕೊಂಪಾದ್ರೆ."

ಅಂದು ಮನೆ ಮನೆಯಲ್ಲೂ ಹಾಗೇ ನಡೆಯಿತು. ಈಗ ಅದು ಊರಿನ ಪದ್ಧತಿಯೇ ಆಗಿಬಿಟ್ಟಿದೆ. ಹೊಸದಾಗಿ ಬಂದವರಿಗೆ, ನೂರಾರು ವರ್ಷಗಳಿಂದ ಹೀಗೇ ಎಂದು ಹೇಳುತ್ತಾರೆ. ಡಾಕ್ಟರಮ್ಮ ಇತ್ಸೆಲ್ ಸೇವೆಯ ವರ್ಷ ಮುಗಿಸಿ ಹೋಗಿದ್ದಾಳೆ. ಹೊಸದಾಗಿ ಬಂದ ಡಾಕ್ಟರು ಮೆಲಿತೋನನ ಮಾತ್ರೆಯನ್ನು ಸಣ್ಣದಕ್ಕೆ ಇಳಿಸಿದ್ದಾರೆ, ನಿಲ್ಲಿಸಿಲ್ಲ. ಸಕ್ಕರೆ ಗಡಿಯಿಂದ ಹಿಂದೆ ಸರಿದಿದೆ. ವ್ಯಾನಿನಲ್ಲಿ ಹೂಜಿ ಇದೆ. ಪ್ರಯಾಣಿಕರೂ ಅದರಿಂದಲೇ ಕುಡಿಯುತ್ತಾರೆ. ಹಬ್ಬಹುಣ್ಣಿಮೆಗೆ ಹಸಿಂತಾ ಅಟ್ಟದಿಂದ ಕೊಬ್ಬಿನ ಡಬ್ಬ ಇಳಿಸುತ್ತಾಳೆ, ಮರುದಿನ ಮತ್ತೆ ಮೇಲಿಡುತ್ತಾಳೆ.

ಈ ವರ್ಷ ಕುದುರೆ ಸಾಬಾಸನ ಮನೆಯಲ್ಲಿದೆ. ಬೆಳಿಗ್ಗೆ ಮಾಸ್ತರರು ಕೋಲೂರಿಕೊಂಡು ಹೊರಟರೆ, ಮೆಲಿತೋನ ಆಗಲೇ ಸಾಬಾಸನ ಮೋಟು ಗೋಡೆಯ ಬಳಿ ನಿಂತು ಅಂಗಳಕ್ಕೆ ಕತ್ತು ಚಾಚಿರುತ್ತಾನೆ.

"ನೀರು ಬದಲಾಯಿಸಿದ್ರಾ ಕೊಂಪಾದ್ರೆ?"

"ಆಗಲೇ ಬದಲಾಯಿಸಿದೀನಿ. ನೀವು ನಿಮ್ಮ ಹೊಟ್ಟೆ ನೋಡ್ಕೊಳ್ಳಿ."

"ಜೋಳ?"

"ಇಟ್ಟಿದೀನಿ ಮಾರಾಯ್ರೇ. ಬಿಳೀದೇ. ಬರ್ತೀರೋ ಇಲ್ವೋ ಬೆಟ್ಟಕ್ಕೆ?"

"ನೀವು ಹಿಂದಿನಿಂದ ಬನ್ನಿ," ಎನ್ನುತ್ತ ಮೆಲಿತೋನ ಬಿರುಸಾಗಿ ಹತ್ತತೊಡಗುತ್ತಾನೆ. ಸಾಬಾಸ್ ಬಂದು ಸೇರುವ ಮೊದಲು ಅವನು ಮೇಲ್ತಿರುವನ್ನು ಮುಟ್ಟಬೇಕು. ಅಲ್ಲಿಂದ ನೋಡಿದರೆ ಬಟ್ಟಲಿನ ನೀರು ನಿಜವಾಗಿಯೂ ಹೊಸದೋ ಅಲ್ಲವೋ ಗೊತ್ತಾಗುತ್ತದೆ. ಹೊಸ ನೀರು ಬೆಳಗಿನ ಬಿಸಿಲಿಗೆ ಬೇರೆಯಾಗಿಯೇ ಹೊಳೆಯುತ್ತದಂತೆ.